ಮೂಳೆ ಮೇಷ್ಟ್ರ ಹೆಂಡತಿಯ ಹೆಗಲು

"ಸಕ್ಕರೆ ಡಬ್ಬಿ ನೆಲದ ಮೇಲೆ ಯಾಕಿದೆ?" ಎಡವಿದ ಕಾಲನ್ನು ಹಿಡಿದುಕೊಂಡು ಮೇಷ್ಟ್ರು ಅಡುಗೆಮನೆಯಲ್ಲಿ ಕೂಗಿದರು.

"ಕೈ ಮೇಲಕ್ಕೆ ಹೋಗಲ್ಲ. ಮೇಲಿದ್ದದ್ದನ್ನೆಲ್ಲ ಕೆಳಗಿಳಿಸಿಬಿಟ್ಟಿದ್ದೀನಿ," ಎಂದಳು ಹೆಂಡತಿ. "ಹೆಗಲು ನೋಯುತ್ತೆ ಅಂತ ಇನ್ನೆಷ್ಟು ಸಲ ಹೇಳ್ಲಿ?"

"ಹೆಗಲು ಅಂದ್ರೆ ಹೇಗೇ? ಅಲ್ಲಿ ನಾಲ್ಕು ಕೀಲಿದೆ. ಯಾವುದು ಅಂತ ಹೇಳಬೇಡ್ವಾ?"

"ಯಾವುದೋ ಒಂದು! ನೋವು ತಿನ್ನೋಳು ನಾನು, ಅದರ ವಿಳಾಸ ಬೇರೆ ನಾನೇ ಹುಡುಕಿ ಕೊಡ್ಲಾ?"

ವೈದ್ಯರಾಗುವ ಹುಡುಗ ಹುಡುಗಿಯರಿಗೆ ಮೈಯ ರಚನೆ ಕಲಿಸುವುದು ಮೇಷ್ಟ್ರ ಕೆಲಸ. ಕಾಲೇಜಿನಲ್ಲಿ ಅವರಿಗೆ ಮೂಳೆ ಮೇಷ್ಟ್ರು ಎಂದೇ ಹೆಸರು. ಕಣ್ಣು ಕಟ್ಟಿ ಕೈಗೊಂದು ಮೂಳೆ ಕೊಟ್ಟರೆ ಎಡದ್ದೋ ಬಲದ್ದೋ ಥಟ್ಟನೆ ಹೇಳಿಬಿಡುತ್ತಾರೆ. ಆ ಮೂಳೆಯ ಸುತ್ತ ಜೀವಂತ ಮನುಷ್ಯರಿದ್ದರೆ ಮಾತ್ರ ಕಷ್ಟ. ಮೂಳೆ ಡಾಕ್ಟರು ಕೂರುವುದು ಇವರ ಕೋಣೆಯ ಕೆಳಗಿನ ಮಹಡಿಯಲ್ಲೇ. ನಾನೇ ಹೋಗಿ ತೋರಿಸಿಕೊಂಡು ಬರುತ್ತೇನೆ ಎಂದು ಹೆಂಡತಿ ಅಂದರೆ, "ಛೆ, ನೀನು ಸಾಲಿನಲ್ಲಿ ನಿಲ್ಲೋದಾ? ಅವನು ನನ್ನ ಶಿಷ್ಯ ಕಣೇ, ನಾನೇ ಹೇಳ್ತೀನಿ" ಎಂದವರು, ಹೇಳುವುದನ್ನು ಪರೀಕ್ಷೆ ಮುಗಿಯಲಿ, ರಜೆ ಬರಲಿ ಎಂದು ತಳ್ಳುತ್ತಲೇ ಬಂದಿದ್ದರು. ಗೋಡೆಗೆ ಹೇಳಿಕೊಂಡಿದ್ದರೂ ಇಷ್ಟು ಹೊತ್ತಿಗೆ ಕರಗಿರುತ್ತಿತ್ತು.

ಹೆಂಡತಿಗೆ ಗ್ರಂಥಾಲಯದಲ್ಲಿ ಕೆಲಸ. ಮೇಲಿನ ಸಾಲಿನ ಪುಸ್ತಕ ಕೇಳಿದವರಿಗೆಲ್ಲ "ಬೇರೆಯವರು ತಗೊಂಡು ಹೋಗಿದ್ದಾರೆ" ಎಂದು ಸುಳ್ಳು ಹೇಳಿ ಹೇಳಿ, ಕೊನೆಗೊಂದು ದಿನ ಮುಖ್ಯಸ್ಥರ ಕೈಗೆ ಸಿಕ್ಕಿಬಿದ್ದಳು. ತಿಂಗಳೊಳಗೆ ಕೈ ಸರಿಯಾಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಅವರು ಮುಖಕ್ಕೆ ಹೇಳಿಬಿಟ್ಟಿದ್ದರು. ಅದನ್ನೂ ಆಕೆ ಗಂಡನಿಗೆ ಹೇಳಿಯಾಗಿತ್ತು. ಮೇಷ್ಟ್ರು ಹೂಂಗುಟ್ಟಿ ಪುಟ ತಿರುಗಿಸಿದ್ದರು.

ಇವತ್ತು ಏನು ತೋಚಿತೋ, "ಎಲ್ಲಿ, ಕೈ ಎತ್ತು ನೋಡೋಣ" ಎಂದರು.

ಅಂತೂ ಕೇಳಿದರಲ್ಲ ಎಂದು ಆಕೆ ಹಲ್ಲು ಕಚ್ಚಿ ಬಲಗೈ ಎತ್ತಿದಳು. ತೋಳು ಎದೆಯ ಮಟ್ಟಕ್ಕೆ ಬಂದು ನಿಂತಿತು. ಹೆಗಲು ಮಾತ್ರ ಇಡಿಯಾಗಿ ಕಿವಿಯ ಹತ್ತಿರಕ್ಕೆ ಏರಿತು. ಮೇಷ್ಟ್ರ ಕಣ್ಣು ಅರಳಿತು.

"ಆಹಾ! ಎಷ್ಟು ಚೆನ್ನಾಗಿದೆ!"

"ಏನ್ರೀ ಚೆನ್ನಾಗಿರೋದು?"

"ಕೀಲು ಪೂರ್ತಿ ಬಿಗಿದುಹೋಗಿದೆ! ಬೆನ್ನಿನ ಹಲಗೆ ಎಲುಬೊಂದೇ ಒದ್ದಾಡ್ತಿದೆ! ನಾಳೆ ನನ್ನ ಪಾಠ ಅದೇ. ನೀನು ಕ್ಲಾಸಿಗೆ ಬಾ."

"ನಾನೇನು ನಿಮ್ಮ ಸೀಸೆಯೊಳಗಿನ ಕಪ್ಪೆನಾ?"

"ಪಾಠ ಮುಗಿದ ತಕ್ಷಣ ಕೆಳಗೆ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತೀನಿ. ಆಣೆ ಮಾಡಿ ಹೇಳ್ತೀನಿ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆದರೂ ಡಾಕ್ಟರ ಬಾಗಿಲು ಕಂಡರೆ ಸಾಕೆಂದು ಆಕೆ ಒಪ್ಪಿದಳು.

ಮರುದಿನ ಮೇಷ್ಟ್ರು ಆಕೆಯನ್ನು ಕ್ಲಾಸಿನ ಕಪ್ಪು ಹಲಗೆಯ ಪಕ್ಕದ ಸ್ಟೂಲಿನ ಮೇಲೆ, ವಿದ್ಯಾರ್ಥಿಗಳಿಗೆ ಬೆನ್ನು ಮಾಡಿ ಕೂರಿಸಿದರು. ಹುರುಪೋ ಹುರುಪು. ತೋಳಿನ ಮೂಳೆಯ ತುದಿಯೆಂದರೆ ಒಂದು ಚೆಂಡು, ಅದು ಕೂತಿರುವುದು ಬಟ್ಟಲಿನಲ್ಲಲ್ಲ, ಸಣ್ಣ ತಟ್ಟೆಯಲ್ಲಿ. ಅದಕ್ಕೇ ಹೆಗಲಿಗಿರುವಷ್ಟು ಸ್ವಾತಂತ್ರ್ಯ ಮೈಯಲ್ಲಿ ಇನ್ಯಾವ ಕೀಲಿಗೂ ಇಲ್ಲ. ಕೈ ಮೇಲೇರುವಾಗ ಎರಡು ಪಾಲು ಕೆಲಸ ಚೆಂಡಿನದು, ಒಂದು ಪಾಲು ಹಲಗೆ ಎಲುಬಿನದು.

"ಈ ಕೇಸಿನಲ್ಲಿ ಚೆಂಡು ಮುಷ್ಕರ ಹೂಡಿದೆ. ಕೈ ಎತ್ತಮ್ಮಾ!"

ಮನೆಯಲ್ಲಿ ಕಣೇ ಎನ್ನುವವರು ಇಲ್ಲಿ ಅಮ್ಮಾ ಎಂದರಲ್ಲ ಎಂದು ಆಕೆಗೆ ಮೈಯೆಲ್ಲ ಉರಿಯಿತು. ಆದರೂ ಎತ್ತಿದಳು. ಕಣ್ಣಲ್ಲಿ ನೀರು ಬಂತು.

"ಸರ್, ಅವರಿಗೆ ತುಂಬಾ ನೋಯ್ತಿರೋ ಹಾಗಿದೆ," ಎಂದಳು ಮುಂದಿನ ಬೆಂಚಿನ ಒಬ್ಬ ಹುಡುಗಿ.

"ನೋಯ್ಬೇಕು! ನೋಯದಿದ್ರೆ ಅದು ಈ ಕಾಯಿಲೆನೇ ಅಲ್ಲ," ಎಂದು ಮೇಷ್ಟ್ರು ಖುಷಿಯಿಂದ ಕಪ್ಪು ಹಲಗೆಯತ್ತ ತಿರುಗಿ ಎಲುಬಿನ ಚಿತ್ರ ಬರೆಯತೊಡಗಿದರು. "ಹಿಂದಿನವರಿಗೆ ಕಾಣ್ತಿದೆಯಾ?"

"ಇಲ್ಲ ಸರ್!"

"ಜಡೆ ಅಡ್ಡ ಬರ್ತಿದೆ. ಜಡೆ ಸ್ವಲ್ಪ ಮುಂದಕ್ಕೆ ಹಾಕ್ಕೋ."

ಆಕೆ ಅಲ್ಲಾಡಲಿಲ್ಲ. ಬೆಂಚುಗಳಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಸರ್..." ಎಂದಳು ಅದೇ ಹುಡುಗಿ.

"ತಡಿಯಮ್ಮ ನೀನು! ಜಡೆ ಅಂದ್ನಲ್ಲ, ಎಷ್ಟು ಸಲ ಹೇಳೋದು?" ಎಂದು ರೇಗಿದ ಮೇಷ್ಟ್ರು, ಬಲಗೈಯಲ್ಲಿ ಚಿತ್ರ ಬರೆಯುತ್ತಲೇ ಎಡಗೈಯಲ್ಲಿದ್ದ ಪಾಠದ ಕೋಲನ್ನು ಹಿಂದಕ್ಕೆ ಚಾಚಿ ಜಡೆಯನ್ನು ಪಕ್ಕಕ್ಕೆ ತಳ್ಳಲು ಹೋದರು. ಕೋಲು ಗಾಳಿಯಲ್ಲಿ ಆ ಕಡೆಯಿಂದ ಈ ಕಡೆಗೆ ಹೋಯಿತು. ಇನ್ನೊಮ್ಮೆ ತಳ್ಳಿದರು. ಏನೂ ತಗುಲಲಿಲ್ಲ. ಆಗ ತಿರುಗಿದರು. ಹೆಂಡತಿಯ ಕೂದಲು ಕತ್ತಿನವರೆಗೆ ಮಾತ್ರ ಇತ್ತು. ಎಡಗೈಯಲ್ಲಿ ಕತ್ತರಿ ಹಿಡಿದು ಕತ್ತರಿಸಿದ್ದು, ಅಂಚು ಓರೆಕೋರೆಯಾಗಿತ್ತು.

"ಹೆಣೆಯೋಕೆ ಕೈ ಹಿಂದಕ್ಕೆ ಹೋಗಲಿಲ್ಲ. ಕತ್ತರಿಸಿಕೊಂಡು ಮೂರು ತಿಂಗಳಾಯ್ತು," ಎಂದಳು ಹೆಂಡತಿ, ತಲೆ ತಿರುಗಿಸದೆ. "ಅಡ್ಡ ಏನೂ ಇಲ್ಲ. ನೀವು ಪಾಠ ಮಾಡಿ."