ಹಂಚಿನ ಮೇಲಿನ ಕೈ

ಮಗನನ್ನು ಕೊಂದವನ ಮೈಗೂ ನೀಲವ್ವನ ಮೈಗೂ ಕೋರ್ಟಿನವರು ನಂಟು ಹಾಕಿಕೊಟ್ಟಿದ್ದರು. ಕೊಲೆಯಾದ ಮನೆಗಳಿಗೆಲ್ಲ ಹಾಗೆ ಹಾಕಿಕೊಡುವುದೇ ಪದ್ಧತಿ. ಗಾಯ ನೀಲವ್ವನಿಗೆ, ಅದರ ನೋವು ಕೊಲೆಗಾರನೆಂದು ಜೈಲಿನಲ್ಲಿದ್ದ ಬಸವಂತನಿಗೆ.

ದಿನಾ ಬೆಳಿಗ್ಗೆ ಕೊನೆಯ ರೊಟ್ಟಿ ತೆಗೆದ ಮೇಲೆ ಅವಳು ಎಡಗೈಯನ್ನು ಕಾದ ಹಂಚಿಗೆ ಒತ್ತಿ, ಮಗನ ಹೆಸರನ್ನು ಒಮ್ಮೆ ನಿಧಾನವಾಗಿ ಹೇಳಿ ತೆಗೆಯುತ್ತಿದ್ದಳು. ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಸೊಸೆ ಗೌರವ್ವ ಆ ಕೈಗೆ ಮುಲಾಮು ಹಚ್ಚಿ ಚಹಾ ಕೊಡುತ್ತಿದ್ದಳು.

ಇವತ್ತು ಹೆಸರು ಪೂರ್ತಿ ಬಾಯಿಂದ ಹೊರಡಲಿಲ್ಲ. ನೀಲವ್ವ ಚೀರಿ ಕೈ ಕಿತ್ತುಕೊಂಡಳು.

ಹೊರಗೆ ಫೋನಿನಲ್ಲಿದ್ದ ಗೌರವ್ವ ಓಡಿಬಂದು ಅತ್ತೆಯ ಕೈಯನ್ನು ನೀರಿನಲ್ಲಿ ಅದ್ದಿದಳು.

"ಅತ್ತಿ, ಕೋರ್ಟಿನವರು ಫೋನ್ ಮಾಡಿದ್ರು. ಕೊಂದಾಂವ ಬಸವಂತ ಅಲ್ಲಂತ, ಬ್ಯಾರೆದಾಂವ ಸಿಕ್ಕಾನಂತ. ಅದಕ್ಕ ನಂಟು ಕಡದಾರ. ನಾಳೆ ಹೊಸಬನ ಜೋಡಿ ಹಾಕ್ತಾರಂತ."

ಅಷ್ಟು ಹೇಳಿ ಎಂದಿನಂತೆ ಮುಲಾಮಿನ ಡಬ್ಬಿ ತೆರೆದಳು. ನೀಲವ್ವ ಆ ಡಬ್ಬಿಯನ್ನೇ ನೋಡುತ್ತ ಕೂತಳು.

"ಬಸವಂತನ ಕೈಯಾಗ ಗಾಯಾನ ಇರಲಿಲ್ಲಲ್ಲ ಗೌರಿ," ಅಂದಳು. "ಇಷ್ಟು ವರ್ಷ ಮುಲಾಮು ಎಲ್ಲಿ ಹಚ್ಚಿಕೊಂಡನವ್ವ ಅಂವ?"