ಕೊಬ್ಬರಿ ಎಣ್ಣೆಯ ಬಾಟಲಿ

"ಆಕ್ಸಿಲರೇಟರ್ ಮಾತ್ರ ಬೆಳಿಗ್ಗೆಯಿಂದ ಬಿಗಿ ಓಬಣ್ಣಾ, ಬಿಟ್ಟರೂ ಹಿಂದಕ್ಕೆ ಬರೋಕೆ ಸತಾಯಿಸ್ತಿದೆ," ಎಂದು ಲಡಾಖಿನ ಫೋನ್ ಬೂತಿನಿಂದ ರುದ್ರೇಶ ಕೂಗಿ ಹೇಳಿದಾಗ, ಭದ್ರಾವತಿಯ ನ್ಯೂ ಟೌನಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಓಬಯ್ಯ ನಕ್ಕುಬಿಟ್ಟ. ರುದ್ರೇಶನ ಬೈಕನ್ನು ಹಿಮದ ಘಾಟಿಗೆಂದು ಸಜ್ಜುಗೊಳಿಸಿ ಕಳುಹಿಸಿದವನು ಅವನೇ.

"ಚಳಿಗೆ ನಿನ್ನ ಕೈಯೇ ಮರಗಟ್ಟಿದೆ ಮಾರಾಯ. ನನ್ನ ಕೆಲಸದ ಮೇಲೆ ತಪ್ಪು ಹೊರಿಸಬೇಡ."

"ಇರಬಹುದು. ಇಲ್ಲಿಯ ಚಳಿ ಕೇಳ್ಬೇಡಿ! ತಲೆಗೆ ಹಚ್ಕೊಳ್ಳೋಣ ಅಂತ ಕೊಬ್ಬರಿ ಎಣ್ಣೆ ಬಾಟ್ಲಿ ತೆಗೆದ್ರೆ ಕಲ್ಲಾಗಿ ಕೂತಿದೆ. ಚಾಕು ಹಾಕಿ ಕೆತ್ತಬೇಕು!"

ಓಬಯ್ಯ ತಟ್ಟನೆ ಕಪಾಟಿನತ್ತ ತಿರುಗಿದ. ರುದ್ರೇಶ ಹೊರಡುವ ಮುನ್ನಾದಿನ ಗ್ಯಾರೇಜಿನಲ್ಲಿ ಮೆಷಿನ್ ಆಯಿಲ್ ಮುಗಿದಿತ್ತು. ಅಂಥ ಹೊತ್ತಿನ ಇಪ್ಪತ್ತು ವರ್ಷಗಳ ರೂಢಿಯಂತೆ, ಆಕ್ಸಿಲರೇಟರ್ ಕೇಬಲಿನೊಳಕ್ಕೆ ಅವನು ಹನಿಹನಿಯಾಗಿ ಇಳಿಸಿದ್ದು ಕೊಬ್ಬರಿ ಎಣ್ಣೆಯನ್ನೇ. ಘಾಟಿಯ ಮಂಜುಗಡ್ಡೆಯ ಇಳಿಜಾರಿನಲ್ಲಿ ಅದು ಪೂರ್ತಿ ಹೆಪ್ಪುಗಟ್ಟಿದರೆ, ರುದ್ರೇಶ ಹಿಡಿ ಬಿಟ್ಟರೂ ಬೈಕಿನ ವೇಗ ಇಳಿಯುವುದಿಲ್ಲ.

"ರುದ್ರೇಶಾ, ಘಾಟಿ ಹತ್ತಬೇಡ! ಮೊದಲು ಆ ಕೇಬಲ್ ಬಿಚ್ಚು, ಅದರೊಳಗೆ..."

"ಏನೂ ಕೇಳಿಸ್ತಿಲ್ಲ ಓಬಣ್ಣಾ! ಮೋಡ ಕವೀತಿದೆ, ಹೊರಟೆ. ಆ ಕಡೆ ಇಳಿದ ಮೇಲೆ ಮಾತಾಡ್ತೀನಿ!"

ಲೈನು ಕಡಿಯಿತು. ತಿರುಗಿ ಕರೆಯೋಣವೆಂದರೆ ಓಬಯ್ಯನ ಬಳಿ ಆ ಬೂತಿನ ನಂಬರಿರಲಿಲ್ಲ. ರಿಸೀವರನ್ನು ಕಿವಿಯಿಂದ ಇಳಿಸದೆಯೇ ಅವನು ಕಪಾಟಿನಲ್ಲಿದ್ದ ಎಣ್ಣೆಯ ಬಾಟಲಿಯನ್ನು ಎತ್ತಿ ಮೆಲ್ಲನೆ ಓರೆ ಮಾಡಿದ. ಭದ್ರಾವತಿಯ ಮಧ್ಯಾಹ್ನದ ಸೆಕೆಯಲ್ಲಿ ಎಣ್ಣೆ ನೀರಿನಂತೆ ಸರಾಗವಾಗಿ ಹರಿದು ಬಾಟಲಿಯ ಕೊರಳಿಗೆ ಬಂತು.