ಟೋರಿ ಅಂದರೆ ಯಾರು

ಲಂಡನ್ನಿನಿಂದ ಬಂದಿದ್ದ ಎಲ್‌ವುಡ್ ಊಟದ ಮೇಜಿನಲ್ಲಿ ಎದೆ ತಟ್ಟಿಕೊಂಡು, "ಈಗ ನಾನೂ ಒಬ್ಬ ಟೋರಿ ಕಣಯ್ಯ" ಎಂದಾಗ, ಕುರಿಮಾಂಸ ಬಡಿಸುತ್ತಿದ್ದ ಕೆಲಸದ ಹೆಂಗಸು ಸೈವ್‌ಳ ಕೈ ನಿಂತಿತು.

ಮನೆಯ ದೊರೆ ಪಾರ್ಟ್ರಿಜ್ ಕೂಡ ಗಾಬರಿಯಾದ. ಐರ್ಲೆಂಡಿನ ಆ ಸೀಮೆಯಲ್ಲಿ ಟೋರಿ ಎಂದರೆ ಹೊಲ ಕಳೆದುಕೊಂಡು ಗುಡ್ಡ ಸೇರಿದವನು, ದರೋಡೆ ಮಾಡಿ ಬದುಕುವವನು, ಕಂಡಲ್ಲಿ ಕೊಲ್ಲಬಹುದಾದವನು. ಎಲ್‌ವುಡ್ ನಕ್ಕು ವಿವರಿಸಿದ. ಇಂಗ್ಲೆಂಡಿನ ಅರಸನ ತಮ್ಮನಿಗೇ ಮುಂದೆ ಪಟ್ಟವಾಗಬೇಕು ಎನ್ನುವವರನ್ನು ಎದುರಾಳಿಗಳು ಹಾಗೆಂದು ಬೈಯತೊಡಗಿದ್ದರಂತೆ. "ಮೊದಮೊದಲು ಉರಿದುಬಿದ್ವಿ. ಈಗ ಟೋಪಿಗೆ ಕೆಂಪು ರಿಬ್ಬನ್ ಕಟ್ಕೊಂಡು ನಾವೇ ಹೇಳ್ಕೊಂಡು ತಿರುಗ್ತೀವಿ. ಅಂದಹಾಗೆ, ಆ ಮಾತಿಗೆ ಅರ್ಥ ಏನು?"

ಪಾರ್ಟ್ರಿಜ್‌ಗೆ ತಿಳಿದಿರಲಿಲ್ಲ. ನಿಮ್ಮ ಐರಿಷ್ ಭಾಷೆಯದಲ್ಲವೇ ಎಂದು ಸೈವ್‌ಳ ಕಡೆ ತಿರುಗಿದ.

"ಅಟ್ಟಿಸ್ಕೊಂಡು ಬರೋರಿಂದ ತಪ್ಪಿಸ್ಕೊಂಡು ಓಡ್ತಿರೋನು, ದೊರೆ."

"ಅಟ್ಟಿಸ್ಕೊಂಡು ಬರೋರು ಯಾರಂತೆ?" ಎಂದ ಎಲ್‌ವುಡ್.

"ಎಲ್ಲರೂ."

ಎಲ್‌ವುಡ್‌ಗೆ ಅದು ಬಹಳ ಹಿಡಿಸಿತು. ಲಂಡನ್ನಿನ ಕಾಫಿ ಅಂಗಡಿಯಲ್ಲಿ ಗೆಳೆಯರಿಗೆಲ್ಲ ಹೇಳುತ್ತೇನೆಂದು ಮತ್ತೆ ಮತ್ತೆ ನಕ್ಕ.

ಅಡುಗೆಮನೆಗೆ ಬಂದ ಸೈವ್ ತಟ್ಟೆ ಕೆಳಗಿಟ್ಟು ಗೋಡೆಗೆ ಒರಗಿದಳು. ಈ ಮನೆ ನಿಂತಿರುವುದು ಅವಳ ಅಪ್ಪನ ಹೊಲದಲ್ಲಿ. ಹೊಲ ಹೋದ ಮೇಲೆ ಅಣ್ಣ ಕೋರ್ಮಾಕ್ ಗುಡ್ಡ ಹತ್ತಿದ, ಇವಳು ಇಲ್ಲೇ ಕೆಲಸಕ್ಕೆ ಸೇರಿದಳು. ಒಂಬತ್ತು ವರ್ಷದ ಹಿಂದೆ ಸೈನಿಕರು ಅವನ ತಲೆ ತಂದು ಪೇಟೆಯ ಹೆಬ್ಬಾಗಿಲಿಗೆ ಸಿಕ್ಕಿಸಿದ್ದರು. ಇಷ್ಟು ಅಡುಗೆಯ ಊನಾಳಿಗೂ ಗೊತ್ತಿತ್ತು. ಅವರ ನಗುವನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಸಮಾಧಾನ ಹೇಳಿದಳು.

ತನ್ನನ್ನು ಕಾಡುತ್ತಿರುವುದು ಅವರ ನಗುವಲ್ಲ ಎಂದು ಸೈವ್ ತಲೆಯಾಡಿಸಿದಳು. ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಆಗ ಹೇಳಿದಳು. ಸಾಯುವ ಹಿಂದಿನ ದಿನ ಮಧ್ಯಾಹ್ನ ಕೋರ್ಮಾಕ್ ಇದೇ ಹಿತ್ತಿಲ ಬಾಗಿಲಿಗೆ ಬಂದಿದ್ದ. ಕಾಲಿಗೆ ಗಾಯವಾಗಿತ್ತು. ಸ್ವಲ್ಪ ಹೊತ್ತು ಬೆಂಕಿಯ ಹತ್ತಿರ ಕೂರುತ್ತೇನೆ ಎಂದಷ್ಟೇ ಕೇಳಿದ್ದ. ಇವಳು ಹೆದರಿ ಬಾಗಿಲು ಹಾಕಿಬಿಟ್ಟಿದ್ದಳು.

"ಹೆದರದೆ ಇನ್ನೇನು ಮಾಡ್ತಿದ್ದೆ? ಬಾಗಿಲು ಹಾಕಿದ್ದಕ್ಕೆ ಅವನೂ ಬೇಜಾರು ಮಾಡ್ಕೊಂಡಿರಲ್ಲ ಬಿಡು" ಎಂದಳು ಊನಾ.

"ಒಳಗಿಂದ ದೊರೆ ಯಾರದು ಅಂತ ಕೂಗಿದ್ರು. ಯಾರೋ ಭಿಕ್ಷುಕ ಅಂದಿದ್ರೆ ಸಾಕಿತ್ತು, ಊನಾ. ನಾನು ಟೋರಿ ಅಂದೆ."